ಚಿತ್ರ ನೋಡಿದ ಮೇಲೆ

ಬಾಣಾವರದ ಹುಡುಗನೊಬ್ಬ, ರೈಲ್ವೆ ಸ್ಟೇಷನ್ನಿನಲ್ಲಿ ಮಗನಿಗಾಗಿ ಕಾಯುವ ತಾತನ ಮೇಲೆ ಏಳು ನಿಮಿಷದ ಚಿತ್ರ ತೆಗೆದು ಮೊಬೈಲನ್ನು ನಿಮ್ಮ ಕೈಗೆ ಕೊಟ್ಟನೆನ್ನಿ. ‘ಚೆನ್ನಾಗಿದೆ ಕಣೋ’ ಎಂದರೆ ಅವನಿಗೆ ಸಿಕ್ಕಿದ್ದೇನು? ‘ಇದನ್ನೆಲ್ಲ ಬಿಟ್ಟು ಓದ್ಕೋ’ ಎಂದಿರೋ, ಇನ್ನೊಂದು ಚಿತ್ರ ಬರುವುದೇ ಇಲ್ಲ.

ಎರಡು ಸಲ ನೋಡಿ. ಏನು ಹೇಳಹೊರಟಿದ್ದೆ ಎಂದು ಅವನನ್ನೇ ಕೇಳಿ. ಆಮೇಲೆ ನೀವು ಎಡವಿದ ಜಾಗವನ್ನು ತೋರಿಸಿ: ‘ಮೂರನೇ ನಿಮಿಷದಲ್ಲಿ ಬಂದವನು ಮಗನೋ ಪೋರ್ಟರೋ ತಿಳಿಯಲಿಲ್ಲ’, ‘ತಾತನ ಮಾತು ಗಾಡಿಯ ಸದ್ದಿನಲ್ಲಿ ಮುಳುಗಿತು’. ಇಂಥ ಮಾತು ಕಹಿಯಾದರೂ ಕೆಲಸಕ್ಕೆ ಬರುತ್ತದೆ. ‘ಬೋರು’ ಎಂಬುದು ಬರುವುದಿಲ್ಲ. ಕೊನೆ ಹೀಗಿರಬೇಕಿತ್ತು ಎಂದು ನಿಮ್ಮದೇ ಕತೆ ಹೊಸೆಯಲೂಬೇಡಿ (ನಮ್ಮವರಿಗೆ ಇದೊಂದು ಚಪಲ).

ಹುಡುಗರ ಕೆಲಸವೆಂದು ಹಗುರ ಮಾಡುವಂತಿಲ್ಲ. ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿ ತೆಗೆದ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಬಂತು, 1977ರಲ್ಲಿ ‘ಘಟಶ್ರಾದ್ಧ’. ಅದೇ ಸಂಸ್ಥೆಯಲ್ಲಿದ್ದಾಗ, ವೈದ್ಯಕೀಯ ಓದಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್, ಅಜ್ಜಿಯೊಬ್ಬಳು ಹುಂಜ ಕದ್ದು ಊರಿಗೆ ಬೆಳಗೇ ಆಗದ ಜನಪದ ಕತೆಯನ್ನು 16 ನಿಮಿಷದ ಚಿತ್ರ ಮಾಡಿದರು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ. ಹುಂಜ ಕೂಗದಿದ್ದರೆ ಬೆಳಗಾಗದೆಂಬ ಅಜ್ಜಿಯ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿರಲಿಲ್ಲ?

ಹುಡುಗನಿಗೆ ಮೆಚ್ಚಿಗೆಯನ್ನೂ ಅಷ್ಟೇ ಖಚಿತವಾಗಿ ಹೇಳಿ. ತಾತ ಟವೆಲಿನಿಂದ ಬೆಂಚು ಒರೆಸಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತನಲ್ಲ, ಅಲ್ಲಿ ಹಿನ್ನೆಲೆ ಸಂಗೀತ ಬೇಕಿಲ್ಲ ಅನ್ನಿ.