ಹಳೆಯ ಮಾಲಿಗೆ ಹೊಸ ಬಣ್ಣ

ಮುದಿ ಎತ್ತಿನ ಕೊಂಬು ಹೆರೆದು, ಬಣ್ಣ ಬಳಿದು, ಸಂತೆಯಲ್ಲಿ ಹೋರಿಯ ಬೆಲೆಗೆ ಮಾರುವ ದಲ್ಲಾಳಿಯನ್ನು ನಾವೆಲ್ಲರೂ ಬಲ್ಲೆವು. ಅವನ ಕಸುಬು ಈಗ ದೊಡ್ಡ ವ್ಯಾಪಾರವಾಗಿದೆ. ಬಣ್ಣ ಬೀಳುತ್ತಿರುವುದು ಹಳೆಯ ನಾಣ್ಯಕ್ಕೆ, ಹಳೆಯ ಚಲನಚಿತ್ರಕ್ಕೆ.

ನಾಣ್ಯದ ಮಾತು ಮೊದಲು. ಅಂಗಡಿಯವರಿಗೆ ಅದು ಬೇಗ ತಿಳಿಯುತ್ತದೆ. ಅಮೆರಿಕದ ಸರ್ಕಾರಿ ಟಂಕಸಾಲೆ 1999ರಿಂದ 2008ರವರೆಗೆ ಅಲ್ಲಿನ 50 ರಾಜ್ಯಗಳ ಹೆಸರಿನಲ್ಲಿ ಕಾಲು ಡಾಲರಿನ ನಾಣ್ಯಗಳನ್ನು ಹೊರಡಿಸಿತು. ಖಾಸಗಿ ವ್ಯಾಪಾರಿಗಳು ಅವಕ್ಕೆ ಬಣ್ಣ ಹಚ್ಚಿ, ಚೆಂದದ ಡಬ್ಬಿಯಲ್ಲಿಟ್ಟು, ಸಂಗ್ರಹಯೋಗ್ಯವೆಂದು ಮುಖಬೆಲೆಯ ಹಲವು ಪಟ್ಟಿಗೆ ಮಾರಿದರು. ಕೊಂಡವನು ನಾಳೆ ಅದನ್ನು ನಾಣ್ಯ ಬಲ್ಲವನ ಮುಂದಿಟ್ಟರೆ ಏನಾಗುತ್ತದೆ? ಟಂಕಸಾಲೆಯ ಹೊರಗೆ ಬಣ್ಣ ಕಂಡದ್ದು ಅವನ ಲೆಕ್ಕದಲ್ಲಿ ಕೆಟ್ಟ ನಾಣ್ಯ. ಕಾಲು ಡಾಲರು ಕಾಲು ಡಾಲರೇ. (2004ರಲ್ಲಿ ಕೆನಡಾದ ಟಂಕಸಾಲೆ ತಾನೇ ಕೆಂಪು ಹೂವಿನ ನಾಣ್ಯವನ್ನು ಚಲಾವಣೆಗೆ ಬಿಟ್ಟಿತು. ಅದು ಯುದ್ಧದಲ್ಲಿ ಮಡಿದವರ ನೆನಪಿಗೆ; ಅದರ ಮೇಲೆ ನಮಗೆ ತಕರಾರಿಲ್ಲ.)

ಚಲನಚಿತ್ರದ ವಿಷಯ ಇನ್ನೂ ಕೆಟ್ಟದ್ದು. ನಾಣ್ಯದಲ್ಲಿ ಕೊಂಡವನೊಬ್ಬನಿಗೆ ಮೋಸ. ಇಲ್ಲಿ ದುಡಿದವರಿಗೂ ಮೋಸ. 1986ರಲ್ಲಿ ಟೆಡ್ ಟರ್ನರ್ ಎಂಬ ಧನಿಕ ಎಂ.ಜಿ.ಎಂ. ಕಂಪೆನಿಯ ಹಳೆಯ ಚಿತ್ರಗಳ ಭಂಡಾರವನ್ನು ಕೊಂಡು ಬಣ್ಣ ಬಳಿಸತೊಡಗಿದ. 1950ರ 'ದಿ ಆಸ್ಫಾಲ್ಟ್ ಜಂಗಲ್' ಅದರಲ್ಲೊಂದು. ನಿರ್ದೇಶಕ ಜಾನ್ ಹ್ಯೂಸ್ಟನ್ ಪ್ರತಿಭಟಿಸುತ್ತಲೇ 1987ರಲ್ಲಿ ತೀರಿಕೊಂಡರು. ಬಣ್ಣದ ಪ್ರತಿಯನ್ನು ಫ್ರಾನ್ಸಿನ ಟೆಲಿವಿಷನ್ನಿನಲ್ಲಿ ತೋರಿಸಹೊರಟಾಗ ಅವರ ಮಕ್ಕಳು ಕೋರ್ಟಿಗೆ ಹೋದರು. 1991ರಲ್ಲಿ ಅಲ್ಲಿನ ಉಚ್ಚ ನ್ಯಾಯಪೀಠ ಅವರ ಪಕ್ಷ ವಹಿಸಿತು. ರೀಲು ಕೊಂಡವನು ಮಾಡಿದವನ ಹಕ್ಕನ್ನೂ ಕೊಂಡಂತಲ್ಲ ಎಂಬ ಈ ನ್ಯಾಯ ಗಿರಣಿಯಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕೆ?

ನಮ್ಮಲ್ಲೂ 1960ರ 'ಮೊಘಲ್-ಎ-ಆಜಮ್' 2004ರಲ್ಲಿ, 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹೊತ್ತು ಬಂದವು. ಜನ ಸಂತೋಷದಿಂದ ನೋಡಿದರು. ಜನರನ್ನು ನಾವು ದೂರುವುದಿಲ್ಲ. ರಾಜಕುಮಾರರನ್ನು ದೊಡ್ಡ ಪರದೆಯ ಮೇಲೆ ಮತ್ತೆ ಕಾಣುವ ಆಸೆ ಯಾರಿಗಿಲ್ಲ? 'ಮೊಘಲ್-ಎ-ಆಜಮ್'ನಲ್ಲಿ ಮೊದಲೇ ಕೆಲವು ರೀಲು ಬಣ್ಣದವಿದ್ದವು ಎಂಬುದನ್ನೂ ಒಪ್ಪುತ್ತೇವೆ. ಆದರೆ ಕಪ್ಪು ಬಿಳುಪು ಎಂದರೆ ಬಣ್ಣಕ್ಕೆ ಗತಿಯಿಲ್ಲದ ಬಡತನವಲ್ಲ, ಅದೊಂದು ಕಸುಬು. ಯಾವ ಸೀರೆ ಪರದೆಯ ಮೇಲೆ ಎಷ್ಟು ಬೂದಿಯಾಗಿ ಕಂಡೀತು, ಮುಖದ ಯಾವ ಮಗ್ಗುಲಿಗೆ ನೆರಳು ಬೀಳಬೇಕು ಎಂದು ಛಾಯಾಗ್ರಾಹಕ ಅಳೆದು ನೋಡುತ್ತಿದ್ದ. ಅವನ ಮಾತಿನಂತೆ ಕೂಲಿಯಾಳು ಕಾದ ದೀಪವನ್ನು ಗೇಣು ಗೇಣು ಸರಿಸುತ್ತಿದ್ದ. ಆ ನೆರಳಿನ ಮೇಲೆ ಕಂಪ್ಯೂಟರಿನ ಮುಂದೆ ಕುಳಿತವರು ಊಹೆಯ ಬಣ್ಣ ಎರಚುತ್ತಾರೆ. ಸೀರೆ ನಿಜವಾಗಿ ಯಾವ ಬಣ್ಣದ್ದಾಗಿತ್ತೆಂದು ಕೇಳುವವರಾರು?

ಬಣ್ಣಕ್ಕೆ ಹಣವಿದೆ, ಕಾಪಾಡುವುದಕ್ಕೆ ಮಾತ್ರ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಇಂದು ಅದನ್ನು ನೋಡಬೇಕೆಂದರೆ ಪ್ರತಿಯೇ ಇಲ್ಲ. 1931ರ 'ಆಲಂ ಆರಾ'ದ ಗತಿಯೂ ಅದೇ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ತೆರೆದದ್ದು 1964ರಲ್ಲಿ. ಅಷ್ಟರಲ್ಲಿ ಎಷ್ಟೋ ರೀಲುಗಳು ಕೊಳೆತು, ಸುಟ್ಟು ಹೋಗಿದ್ದವು.

ಬಣ್ಣ ಬಳಿಯುವವರು ಬಳಿಯಲಿ. ಆದರೆ ಮೊದಲು ಮೂಲ ಪ್ರತಿಯನ್ನು ಶುದ್ಧಗೊಳಿಸಿ ಭದ್ರಪಡಿಸಲಿ. ಬಣ್ಣದ ಪ್ರತಿ ತೋರಿಸುವ ಊರಿನಲ್ಲೇ ಅದನ್ನೂ ಅದೇ ಟಿಕೆಟಿನ ದರಕ್ಕೆ ತೋರಿಸಲಿ. ನಾಣ್ಯ ಮಾರುವವನು ಡಬ್ಬಿಯ ಮೇಲೆ ಮುಖಬೆಲೆಯನ್ನೂ, ಬಣ್ಣ ಬಳಿದದ್ದು ಟಂಕಸಾಲೆಯಲ್ಲ ತಾನು ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಬರೆಯಲಿ.