ನೇತ್ರಾಣಿ ಡೈವಿಂಗ್: ಲಂಗರು ಬೀಳೋದು ಎಲ್ಲಿ?

ಮುರ್ಡೇಶ್ವರದಿಂದ ಬೋಟು ಹತ್ತಿದರೆ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ. ಈಜು ಬಾರದವರೂ ತರಬೇತುದಾರರ ಕೈ ಹಿಡಿದು ನೀರಿಗಿಳಿದು ಹವಳ, ಬಣ್ಣದ ಮೀನು ನೋಡಿ ಬರ್ತಾರೆ. ಮಳೆಗಾಲ ಬಿಟ್ಟರೆ ಊರಿನ ಲಾಡ್ಜು, ಹೋಟೆಲು, ರಿಕ್ಷಾದವರಿಗೂ ಇದರಿಂದ ನಾಲ್ಕು ಕಾಸು. ಅದು ಸರಿಯೇ.

ಆದರೆ ಬೋಟು ನಿಲ್ಲಲು ಲಂಗರು ಬೇಕಲ್ಲ? ಅದು ಹವಳದ ಮೇಲೆ ಬಿದ್ದು ಎಳೆದಾಡಿದರೆ ಹತ್ತಾರು ವರ್ಷದ ಬೆಳವಣಿಗೆ ಒಂದೇ ಏಟಿಗೆ ಪುಡಿ. ಗಟ್ಟಿ ಹವಳ ವರ್ಷಕ್ಕೆ ಬೆಳೆಯೋದೇ ಮಿಲಿಮೀಟರ್, ಸೆಂಟಿಮೀಟರ್ ಲೆಕ್ಕದಲ್ಲಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ಹುಲಿಯಂತೆಯೇ ಮೊದಲ ಪರಿಚ್ಛೇದದ ರಕ್ಷಣೆ ಉಂಟು. ಹುಲಿ ಸತ್ತರೆ ಸುದ್ದಿಯಾಗ್ತದೆ, ಇದು ಆಗೋದಿಲ್ಲ.

ಉಪಾಯ ದೊಡ್ಡದೇನಲ್ಲ. ತಳಕ್ಕೆ ಕಾಯಂ ಬಿಗಿದ ತೇಲುಬುರುಡೆಗೆ ಬೋಟು ಕಟ್ಟಿದರಾಯ್ತು. ಟಿಕೆಟ್ ದುಡ್ಡಲ್ಲೇ ಒಂದು ಪಾಲು ಇದಕ್ಕೆ ತೆಗೆದಿಡಬಹುದು. ಬುಕ್ ಮಾಡುವಾಗ ದರದ ಜೊತೆಗೆ, ಲಂಗರು ಎಲ್ಲಿ ಹಾಕ್ತೀರಿ ಅಂತಲೂ ಕೇಳಿ.