ಗರ್ಭಕ್ಕೂ ಗಲ್ಲಾಪೆಟ್ಟಿಗೆಗೂ ಏನು ನಂಟು?

"ಈಗಿನ ಹುಡುಗಿಯರಿಗೆ ನೋವು ತಡೆಯುವ ತಾಕತ್ತಿಲ್ಲ." ಸಿಸೇರಿಯನ್ ಯಾಕೆ ಹೆಚ್ಚಿತೆಂದು ಕೇಳಿದರೆ ಸಿಗುವ ಸಿದ್ಧ ಉತ್ತರವಿದು. ತಪ್ಪನ್ನು ಹೆಣ್ಣಿನ ತಲೆಗೆ ಕಟ್ಟುವ ಹಳೆಯ ಚಾಳಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3 ಸಿಸೇರಿಯನ್, ಖಾಸಗಿಯಲ್ಲಿ ಶೇ. 47.4. ಆಸ್ಪತ್ರೆಯ ಹೊಸ್ತಿಲು ಬದಲಾದರೆ ಹೆಣ್ಣಿನ ಸೊಂಟದ ಮೂಳೆಯೂ ಬದಲಾಗುತ್ತದೆಯೇ? ಕಷ್ಟದ ಹೆರಿಗೆಗಳೆಲ್ಲ ತಮ್ಮಲ್ಲಿಗೇ ಬರುತ್ತವೆಂಬ ಖಾಸಗಿಯವರ ವಾದ ನಿಲ್ಲದು. ರಕ್ತವಿಲ್ಲದೆ ಬಿಳುಚಿದ ಬಡ ಬಸುರಿ ಕೊನೆಗೆ ಸೇರುವುದು ಜಿಲ್ಲಾಸ್ಪತ್ರೆಯನ್ನೇ.

ಸಹಜ ಹೆರಿಗೆಗೆ ಇಡೀ ರಾತ್ರಿ ಕಾಯಬೇಕು. ಆಪರೇಷನ್ ಒಂದು ಗಂಟೆಯ ಕೆಲಸ, ಬಿಲ್ಲೂ ದೊಡ್ಡದು. ಪಕ್ಕದಲ್ಲಿ ಕೂತು ಧೈರ್ಯ ಹೇಳುವ ನುರಿತ ಸೂಲಗಿತ್ತಿಯನ್ನು ನಾವೇ ಮನೆಗೆ ಕಳಿಸಿದ್ದೇವೆ. ಮುಹೂರ್ತ ನೋಡಿ ಕುಯ್ಯಿಸುವವರೂ ಇದ್ದಾರೆ, ನಿಜ. ಆದರೆ ನಡುರಾತ್ರಿ "ಮಗುವಿಗೆ ಅಪಾಯ" ಎಂದು ಕಾಗದ ಚಾಚಿದರೆ ಸಹಿ ಹಾಕದ ಗಂಡ ಯಾರು, ಅಮ್ಮ ಯಾರು?

ಆಪರೇಷನ್ನೇ ಬೇಡವೆನ್ನುತ್ತಿಲ್ಲ. ಅಡ್ಡ ಮಲಗಿದ ಮಗುವಿಗೆ, ರಕ್ತ ಸುರಿಯುವ ತಾಯಿಗೆ ಅದು ಜೀವದಾನ. ಆದರೆ ಜನಸಂಖ್ಯೆಯ ಲೆಕ್ಕದಲ್ಲಿ ಶೇ. 10 ದಾಟಿದ ಮೇಲೆ ಅದರಿಂದ ತಾಯಿ-ಮಕ್ಕಳ ಸಾವು ತಗ್ಗಿದ್ದು ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅದೇ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ್ದು ಶೇ. 31.5, ಬಿಹಾರದ್ದು ಶೇ. 9.7. ಕಾಸಿದ್ದಲ್ಲಿ ಬೇಡದಿದ್ದರೂ ಕುಯ್ಯುತ್ತಾರೆ. ಕಾಸಿಲ್ಲದ ಹಳ್ಳಿಯಲ್ಲಿ ಬೇಕಾದಾಗಲೂ ಕುಯ್ಯುವವರಿಲ್ಲ.

ಹೋಟೆಲಿನವನೂ ಗೋಡೆಗೆ ದರಪಟ್ಟಿ ತೂಗುಹಾಕುತ್ತಾನೆ. ತಿಂಗಳಿಗೆ ಎಷ್ಟು ಹೆರಿಗೆ, ಅದರಲ್ಲಿ ಎಷ್ಟು ಆಪರೇಷನ್, ಯಾವ ಕಾರಣಕ್ಕೆ ಎಂದು ಪ್ರತಿ ಆಸ್ಪತ್ರೆಯೂ ಬಾಗಿಲಲ್ಲೇ ಬರೆಯಲಿ. ಹೊಟ್ಟೆ ನಮ್ಮ ಹೆಣ್ಣುಮಕ್ಕಳದು. ಲೆಕ್ಕ ಕೇಳುವ ಹಕ್ಕೂ ಅವರದೇ.